ಮಣಿ ಎಂದರೆ ಗಂಟೆ

ನನ್ನ ಷಡ್ಡಕನಷ್ಟು ದೊಡ್ಡ ಪೆದ್ದ ಈ ಚೆನ್ನೈಯಲ್ಲಿ ಇನ್ನೊಬ್ಬನಿಲ್ಲ. ಅವನನ್ನು ಕಂಡರೆ ನನಗೆ ಹೊಟ್ಟೆಯುರಿ. ಪೆದ್ದನನ್ನು ಕಂಡು ಯಾರಾದರೂ ಹೊಟ್ಟೆಯುರಿ ಪಡುತ್ತಾರೆಯೇ? ಪುರಸೈವಾಕ್ಕಂನ ನಮ್ಮ ಮನೆಯ ಹತ್ತಿರದ ಕೆರೆಗೆ ಬಂದು ನೋಡಿ.

ಕೆರೆಯ ಸುತ್ತ ನಡೆಯುವವರಿಗೂ ಸೈಕಲ್ಲಿನವರಿಗೂ ಇರುವುದು ಒಂದೇ ದಾರಿ. ಅಲ್ಲಿ ಗಂಟೆ ಬಾರಿಸುವುದಕ್ಕೂ ಒಂದು ಮರ್ಯಾದೆ ಇದೆ. ಅದನ್ನು ಪಾಲಿಸುವವನು ನಾನೊಬ್ಬನೇ. ಹತ್ತು ಹೆಜ್ಜೆ ಹಿಂದಿರುವಾಗ ಒಂದೇ ಒಂದು 'ಟಿಣ್'. ಎರಡಾದರೆ ಅವಸರ, ಮೂರಾದರೆ ಜಗಳ. ಆರು ವರ್ಷ ಹೀಗೆ ನಯವಾಗಿ ಬಾರಿಸಿದ್ದೇನೆ. ಒಬ್ಬರಾದರೂ ತಿರುಗಿ ನೋಡಿ ನಕ್ಕಿದ್ದರೆ ಕೇಳಿ.

ಷಡ್ಡಕ ಮೈಸೂರಿನಿಂದ ಬಂದು ಎರಡು ವರ್ಷವಾಯಿತು. ಮೊದಲ ದಿನವೇ ಗಂಟೆಯಿಲ್ಲದ ಸೈಕಲ್ ಹತ್ತಿ, ಕೋಲೂರಿಕೊಂಡು ನಡೆಯುತ್ತಿದ್ದ ಒಬ್ಬ ಮಾಮಿಯ ಬೆನ್ನಿಗೇ ಹೋದ. ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಕನ್ನಡದ ಮನೆಯವರು; ಅರ್ಧ ಮಾತು ತಮಿಳು. ತಿರುಗಿ, "ಮಣಿ, ಮಣಿ" ಎಂದು ಗದರಿದರು. ತಮಿಳಿನಲ್ಲಿ ಮಣಿ ಎಂದರೆ ಗಂಟೆ. ಇವನಿಗೆ ಗೊತ್ತಿದ್ದದ್ದು ಕನ್ನಡ ಮಾತ್ರ. ಸೈಕಲ್ ಇಳಿದು, ಕೈಮುಗಿದು, ಸೊಂಟ ಬಗ್ಗಿಸಿ ಮಣಿದೇಬಿಟ್ಟ! ಮಾಮಿ ಬಿದ್ದು ಬಿದ್ದು ನಕ್ಕರು.

ಅಂದಿನಿಂದ ಅವನದು ಅದೇ ಪದ್ಧತಿ. ಅರ್ಥ ಬಿಡಿಸಿ ಹೇಳಿದೆ, ಗಂಟೆಯನ್ನೂ ಕೊಡಿಸಿದೆ. "ಇರ್ಲಿ ಬಿಡಿ ಭಾವ, ಗಂಟೆಗೆ ನೀವಿದೀರಲ್ಲ" ಎಂದ. ಅವನು ಮುಂದೆ, ನಾನು ಹಿಂದೆ. ಯಾರು ಸಿಕ್ಕರೂ ಇಳಿದು, ಪಕ್ಕಕ್ಕೆ ಹೋಗಿ ಮಣಿಯುತ್ತಾನೆ, ಮೆಲ್ಲಗೆ ಏನೋ ಹೇಳುತ್ತಾನೆ. ಅವರು ನಗುತ್ತ ಸರಿಯುತ್ತಾರೆ. ಒಬ್ಬರು ಕಡಲೆ ಸುಂಡಲ್ ಕೊಡುತ್ತಾರೆ, ಇನ್ನೊಬ್ಬರು ಮಗಳ ಮದುವೆಗೆ ಕರೆಯುತ್ತಾರೆ. ನನ್ನ ಗಂಟೆಗೆ ಕೆಲಸವೇ ಇಲ್ಲ. ಸಾಲದ್ದಕ್ಕೆ ನನ್ನ ಹೆಂಡತಿ, "ಅವ್ರನ್ನ ನೋಡಿಯಾದ್ರೂ ಕಲೀಬಾರ್ದಾ?" ಎನ್ನುತ್ತಾಳೆ.

ಮೊನ್ನೆ ಅವನಿಗೆ ಜ್ವರ, ಬರಲಿಲ್ಲ. ಇವತ್ತಾದರೂ ಜನ ನನ್ನನ್ನು ಗಮನಿಸುತ್ತಾರೆಂದು ಒಳಗೊಳಗೇ ಹಿಗ್ಗಿದೆ. ಮಾಮಿಯ ಹಿಂದೆ ಅಳೆದು ಒಂದು 'ಟಿಣ್' ಬಾರಿಸಿದೆ. ಅವರು ತಿರುಗಿ, ನನ್ನ ಹಿಂದೆ ಮುಂದೆ ಹುಡುಕಿದರು.

"ತಂಬಿ ಎಲ್ಲಿ ಕಾಣೋಮೇ?"

"ತಮ್ಮ ಅಲ್ಲ ಮಾಮಿ, ನನ್ನ ಹೆಂಡತಿ ತಂಗಿಯ ಗಂಡ."

"ಅಪ್ಪಡಿಯಾ? ಅವನು ದಿನಾ ಹೇಳ್ತಾನಪ್ಪಾ. ಹಿಂದೆ ನಮ್ಮಣ್ಣ ಬರ್ತಿದಾರೆ, ಮಂಡಿ ನೋವು, ಇಳಿದ್ರೆ ಮತ್ತೆ ಹತ್ತಕ್ಕಾಗಲ್ಲ, ಕೊಂಚ ದಾರಿ ಬಿಡಿ ಅಂತ."

ಮಂಡಿ ನೋವಿನ ವಿಷಯವನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಮಾಮಿ ಉತ್ತರಕ್ಕಾಗಿ ಇನ್ನೂ ನನ್ನ ಮುಖ ನೋಡುತ್ತಿದ್ದರು.

"ತಂಬಿಗೆ ಜ್ವರ, ಮಾಮಿ" ಎಂದೆ.