ಏನು ಕೊಟ್ಟರೂ ಒಯ್ಯುವವನು

ಬೇಡ ಎನ್ನುವ ಮಾತು ನನ್ನ ಬಾಯಿಂದ ಬರುವುದೇ ಇಲ್ಲ. ಇದು ಒಳ್ಳೆಯತನವಲ್ಲ, ಬರೀ ಪುಕ್ಕಲುತನ. ತಿಕೋಟಾದಿಂದ ವಿಜಯಪುರದ ಕಾಲೇಜಿಗೆ ಕಂಪ್ಯೂಟರ್ ಪಾಠ ಹೇಳಲು ದಿನಾ ಬಸ್ಸಿನಲ್ಲಿ ಹೋಗುವ ನನಗೆ ಊರಿನವರು ಏನಾದರೊಂದು ಹೊರಿಸುತ್ತಾರೆ: ರೊಟ್ಟಿ ಗಂಟು, ರಿಪೇರಿಯ ಮಿಕ್ಸರ್, ಒಮ್ಮೆ ಬಬಲೇಶ್ವರದ ಅಜ್ಜನೊಬ್ಬನ ಹಲ್ಲಿನ ಸೆಟ್ಟು. ಮನೆಗೇ ತಂದುಕೊಡುವವರೂ ಇದ್ದಾರೆ. ನನ್ನ ಹೆಂಡತಿ ಒಲೆ ಬಿಟ್ಟು ಏಳುವುದಿಲ್ಲ. "ಅಲ್ಲೇ ಕಟ್ಟೀ ಮ್ಯಾಲ ಇಡ್ರಿ," ಅನ್ನುತ್ತಾಳೆ.

ಒಂದು ದಿನ, ಮುಂದಿನ ವರ್ಷ ನನ್ನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೂಗಿ ನೋಡಲು ಪ್ರಿನ್ಸಿಪಾಲರು ನನ್ನ ತರಗತಿಗೆ ಬರುವವರಿದ್ದರು. ಅಂದೇ ಪಕ್ಕದ ಮನೆಯ ಗಂಗವ್ವ ಒಂದು ಚೀಲ ಹಿಡಿಸಿದಳು. ಒಳಗೆ ಹುಂಜ! "ತೊರವಿ ಸ್ಟಾಪಿನ್ಯಾಗ ನನ್ನ ಮಗಳು ನಿಂತಿರ್ತಾಳ್ರಿ, ಕಿಟಕ್ಯಾಗಿಂದ ಕೊಟ್ಟಬಿಡ್ರಿ." ತೊರವಿಯಲ್ಲಿ ಮಗಳ ಸುಳಿವೇ ಇರಲಿಲ್ಲ. ಹುಂಜ ಟಿಕೆಟ್ ತೆಗೆಸಿಕೊಂಡು ನನ್ನ ಜೊತೆ ಕಾಲೇಜಿಗೇ ಬಂತು.

ಚೀಲವನ್ನು ಮೇಜಿನ ಕೆಳಗೆ ತಳ್ಳಿ ಪಾಠ ಶುರು ಮಾಡಿದೆ. ಮೆಥಡ್ ಎಂದರೆ ಒಂದು ಕೆಲಸ. ಪ್ಯಾರಾಮೀಟರ್ ಎಂದರೆ ಆ ಕೆಲಸದ ಕೈಗೆ ನಾವು ಕೊಡುವ ವಸ್ತು. ಬೋರ್ಡಿನ ಮೇಲೆ 'ಮುಟ್ಟಿಸು' ಎಂಬ ಮೆಥಡ್ ಬರೆದು, 'ಸಾಮಾನು' ಎಂಬ ಬಗೆಯ ಪ್ಯಾರಾಮೀಟರ್ ಇಟ್ಟೆ. "ಡಬ್ಬಿ ಕೊಡ್ರಿ, ಮಿಕ್ಸರ್ ಕೊಡ್ರಿ, ಸಾಮಾನಿನ ಬಗಿ ಆದ್ರ ಸಾಕು, ಇದು ಬ್ಯಾಡ ಅನ್ನೂದಿಲ್ಲ. ಒಳಗ ಬಂದ ಮ್ಯಾಲ ಒಂದೊಂದೂ ತನ್ನ ಸ್ವಭಾವ ತೋರಸ್ತದ," ಎಂದೆ. ಹುಂಜ ಗಂಟಲು ಬಿಚ್ಚಿ ಕೂಗಿತು.

ಪ್ರಿನ್ಸಿಪಾಲರು ಹಿಂದಿನ ಬೆಂಚಿನಿಂದ ಎದ್ದು ಬಂದು ಚೀಲದೊಳಗೆ ಇಣುಕಿದರು.

"ಇದೂ ಸಾಮಾನೇನ್ರಿ?"

"ಕೊಟ್ರು, ತಂದೀನ್ರಿ ಸರ."

"ಯಾರ ಏನ ಕೊಟ್ರೂ ಒಯ್ತೀರಿ?"

ನೌಕರಿ ಹೋಯಿತೆಂದು ತಲೆ ತಗ್ಗಿಸಿ "ಹೂಂ ರೀ" ಎಂದೆ. ಅವರ ಮುಖ ಅರಳಿತು. "ಮುಂದಿನ ವರ್ಷಾನೂ ನೀವ ಇರ್ರಿ. ಹಂಗ ಇವತ್ತ ಸಂಜೀಕ ನಮ್ಮ ಅತ್ತಿಯವ್ರನ್ನ ತಿಕೋಟಾಕ್ಕ, ಅವ್ರ ಮನಿಗೆ ಮುಟ್ಟಸ್ರಿ. ಬಂದು ತಿಂಗಳಾತು, ಹೊಂಡವಲ್ರು."

ಸಂಜೆ ಬಸ್ಸಿನಲ್ಲಿ ತೊಡೆಯ ಮೇಲೆ ಹುಂಜ, ಪಕ್ಕದಲ್ಲಿ ಅತ್ತೆಯವರು. ನೌಕರಿ ಉಳಿದ ನೆಮ್ಮದಿಗೆ ನನಗೆ ಗಾಢ ನಿದ್ದೆ ಹತ್ತಿತು. ತಿಕೋಟಾದಲ್ಲಿ ಅವರೇ ನನ್ನನ್ನು ಅಲುಗಾಡಿಸಿ ಇಳಿಸಿ, ಒಂದು ಕೈಯಲ್ಲಿ ಹುಂಜ, ಇನ್ನೊಂದರಲ್ಲಿ ನನ್ನ ರಟ್ಟೆ ಹಿಡಿದು, ದಾರಿಯಲ್ಲಿ ಸಿಕ್ಕವರನ್ನೆಲ್ಲ ನನ್ನ ಮನೆ ಕೇಳುತ್ತ ನಡೆದರು. ಬಾಗಿಲಲ್ಲಿ ನಿಂತು ಕೂಗಿದರು: "ತಂಗೀ, ನಿನ್ನ ಗಂಡನ್ನ ತಂದೀನಿ, ತಗೋವಾ!"

"ಅಲ್ಲೇ ಕಟ್ಟೀ ಮ್ಯಾಲ ಇಡ್ರಿ," ಎಂದಳು ಹೆಂಡತಿ, ಒಲೆಯ ಮುಂದಿನಿಂದ.

ಇಟ್ಟರು. ಬೇಡ ಎನ್ನಲು ಬಾಯಿ ಬರದೆ, ಹುಂಜದ ಪಕ್ಕದಲ್ಲಿ ಕುಳಿತೆ.