ವನಜಾಕ್ಷಿಯ ಒತ್ತಕ್ಷರ

ಹೆಂಡತಿಯ ಹೆಸರು ಹಿಡಿದು ಕರೆಯದೆ ಸಂಸಾರ ಸಾಗಿಸುವ ವಿದ್ಯೆ ನಮ್ಮ ತಲೆಮಾರಿನ ಗಂಡಸರಿಗೆ ಯಾರೂ ಹೇಳಿಕೊಡದೆಯೇ ಬಂದದ್ದು. ನಮ್ಮಪ್ಪ ಅಮ್ಮನನ್ನು ಕರೆಯಬೇಕಾದರೆ ಗೋಡೆಯ ಕಡೆ ತಿರುಗಿ ಕೆಮ್ಮುತ್ತಿದ್ದರು. ನಾನು ಅಷ್ಟು ಹಿಂದುಳಿದವನಲ್ಲ, ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವನು, "ಇವಳೇ" ಎನ್ನುತ್ತಿದ್ದೆ. ಅವಳು "ರೀ" ಎನ್ನುತ್ತಿದ್ದಳು. ಈ ಎರಡೇ ಶಬ್ದಗಳನ್ನು ಇಟ್ಟುಕೊಂಡು ಮಕ್ಕಳನ್ನು ಸಾಕಿ, ಅವರ ಮದುವೆ ಮಾಡಿ, ಜೋಗುಪಾಳ್ಯದಲ್ಲಿ ಒಂದು ಸಣ್ಣ ಮನೆಯನ್ನೂ ಕಟ್ಟಿದೆವು. ನನಗೆ ಸ್ಟ್ರೋಕ್ ಆಗುವವರೆಗೆ ಇದರಿಂದ ಯಾವ ತೊಂದರೆಯೂ ಆಗಲಿಲ್ಲ.

ಬಲಗೈ, ಬಲಗಾಲು ಒಟ್ಟಿಗೇ ಮುಷ್ಕರ ಹೂಡಿದವು. ಕಾರ್ಖಾನೆಯಲ್ಲಿ ಮುಷ್ಕರಗಳನ್ನು ಕಂಡವನಾದ್ದರಿಂದ, ಇವತ್ತಲ್ಲ ನಾಳೆ ಇವು ಕೆಲಸಕ್ಕೆ ಬರುತ್ತವೆ ಎಂಬ ಧೈರ್ಯವಿತ್ತು. ಮಾತು ಮಾತ್ರ ರಾಜೀನಾಮೆಯನ್ನೇ ಕೊಟ್ಟುಬಿಟ್ಟಿತ್ತು. ತಲೆಯೊಳಗೆ ಎಲ್ಲವೂ ಇದೆ, ಬಾಯಿಗೆ ಬರುತ್ತಿಲ್ಲ. ಕೊನೆಗೆ ಒಂದು ದಿನ ಬಂದದ್ದು ಕನ್ನಡವಲ್ಲ, ತಮಿಳು. ನೀರು ಬೇಕಾಗಿ "ತಣ್ಣಿ" ಎಂದೆ. ಡಾಕ್ಟರು ಕಾಲೆತ್ತಿ ಎಂದಾಗ "ಪೋಡಾ" ಎಂದೆ. ಪುಣ್ಯಕ್ಕೆ ಅವರು ತಮಿಳರೇ. ಮಾತು ಬರ್ತಿದೆಯಲ್ಲ ಎಂದು ಸಂತೋಷಪಟ್ಟರು. ನಾನು ಹುಟ್ಟಿ ಬೆಳೆದದ್ದು ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ದರ್ಜಿ ಅಂಗಡಿಯ ಮುಂದೆ ಉರ್ದು. ಗೋಲಿ ಆಡುತ್ತಿದ್ದ ಆ ಹುಡುಗರು ಈಗ ಎಲ್ಲೆಲ್ಲಿದ್ದಾರೋ, ಕೆಲವರು ಇದ್ದಾರೋ ಇಲ್ಲವೋ. ಅವರು ಕಲಿಸಿದ ಬೈಗುಳ ಮಾತ್ರ ನನ್ನ ಕೈಬಿಟ್ಟಿರಲಿಲ್ಲ. ಅದನ್ನು ನೆನೆದು ಆಸ್ಪತ್ರೆಯ ಹಾಸಿಗೆಯಲ್ಲಿ ಅತ್ತಿದ್ದೇನೆ. ಸ್ಟ್ರೋಕ್ ಆದವರಿಗೆ ಅಳು ಸ್ವಲ್ಪ ಬೇಗ ಬರುತ್ತದಂತೆ, ಆ ನೆಪ ನನಗೆ ಅನುಕೂಲವಾಯಿತು.

ಮನೆಗೆ ಬಂದ ಮೇಲೆ ಮಾತು ಕಲಿಸಲು ರೇಣುಕಾ ಎಂಬ ಹುಡುಗಿ ಬರತೊಡಗಿದಳು. ಕಲಬುರ್ಗಿ ಕಡೆಯವಳು, ಬೈಯಪ್ಪನಹಳ್ಳಿಯಲ್ಲಿ ಬಾಡಿಗೆ ರೂಮು. ಚಿತ್ರ ತೋರಿಸುತ್ತಾಳೆ, ನಾನು ಹೆಸರು ಹೇಳಬೇಕು. ಛತ್ರಿಗೆ ಚಮಚ ಎಂದೆ, ಚಮಚಕ್ಕೆ ಬಾಚಣಿಗೆ ಎಂದೆ; ಅವಳು ಬೇಸರಿಸಲಿಲ್ಲ. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯನ್ನು ತೋರಿಸಿ, "ಕಾಕಾ, ಕಾಕೂ ಹೆಸರೇನ್ರಿ? ಹೇಳ್ರಿ ನೋಡೂಣು" ಎಂದಳು.

ಹೆಸರು ನನಗೆ ಗೊತ್ತು. ಆದರೆ ಬಾಯಿ ತೆರೆದರೆ ಬಂದದ್ದು "ಇ... ವ... ಳು."

"ಇವಳು ಅನ್ನೂದು ಹೆಸರಲ್ರಿ, ಕಾಕಾ. ಮೊದಲ ಏನಂತ ಕರೀತಿದ್ರು, ಕಾಕೂ?"

"ಹಂಗೇ ಕರೀತಿದ್ದಿದ್ದು" ಎಂದಳು ನನ್ನವಳು. ರೇಣುಕಾ ನಕ್ಕಳು, ಇವಳು ನಗಲಿಲ್ಲ. ಅವತ್ತು ತಟ್ಟೆಗೆ ಅನ್ನ ಬಡಿಸುತ್ತಾ ಮೆಲ್ಲಗೆ ಕೇಳಿದಳು, "ರೀ, ನನ್ನ ಹೆಸರು ನೆನಪಿದೆ ತಾನೆ?" ಜೋರಾಗಿ ತಲೆಯಾಡಿಸಿದೆ. ಆಗೆಲ್ಲ ಯಾರು ಏನು ಕೇಳಿದರೂ ನಾನು ತಲೆಯಾಡಿಸುತ್ತಿದ್ದೆ, ಹಾಗಾಗಿ ಅವಳು ನಂಬಲಿಲ್ಲ. ಆಮೇಲಿಂದ ನಾನು ಪೇಪರು ಹಿಡಿದು ಕೂತಾಗೆಲ್ಲ ಮುಖವನ್ನೇ ನೋಡುವಳು, ನಾನು ತಿರುಗಿದರೆ ಒಳಗೆ ಹೋಗುವಳು. ಗಂಡನ ತಲೆಯಿಂದ ತಾನು ಅಳಿಸಿಹೋಗಿದ್ದೇನೆ ಎಂಬ ಹೆದರಿಕೆ ಅದು. ಇಲ್ಲ ಕಣೇ ಎನ್ನಲು ನನ್ನಲ್ಲಿ ಮಾತಿರಲಿಲ್ಲ.

ಹಾಗೆ ನೋಡಿದರೆ ಅವಳ ಹೆಸರನ್ನು ಒಮ್ಮೆ ಹೇಳಿದ್ದೆ. ಮದುವೆಯ ದಿನ ಹಲಸೂರಿನ ಛತ್ರದಲ್ಲಿ ಅವಳ ತಂಗಿಯರು ಬಾಗಿಲಿಗೆ ಅಡ್ಡ ನಿಂತು, ಒಡಪು ಕಟ್ಟಿ ಹೆಸರು ಹೇಳದಿದ್ದರೆ ಒಳಗೆ ಬಿಡೆವು ಎಂದಾಗ, ಬೆವರು ಒರೆಸಿಕೊಂಡು ಹೇಳಿದ್ದೆ: "ಹಲಸೂರು ಕೆರೆಯಲ್ಲಿ ಬಾತುಕೋಳಿ ಪಕ್ಷಿ, ನನ್ನ ಹೆಂಡತಿ ಹೆಸರು ವನಜಾಕ್ಷಿ." ಛತ್ರವೆಲ್ಲ ನಕ್ಕಿತ್ತು. ಅವಳು ತಲೆ ತಗ್ಗಿಸಿ ನಕ್ಕದ್ದು ಮೂಗುತಿಯ ಅಲುಗಾಟದಿಂದ ಗೊತ್ತಾಗಿತ್ತು. ಆ ಕಾಲದ ಹುರುಪೇ ಬೇರೆ. ಈಗ ಮನಸ್ಸಿನಲ್ಲೇ ಆ ಒಡಪು ಹೇಳಿಕೊಂಡರೂ 'ಕ್ಷಿ' ಎಂಬಲ್ಲಿ ನಾಲಗೆ ಮುಗ್ಗರಿಸುತ್ತಿತ್ತು. ನಮ್ಮ ಮಾವನವರು ಮಗಳಿಗೆ ಉಮಾ ಎಂದು ಹೆಸರಿಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಒಂದು ಬೆಳಿಗ್ಗೆ ಅವಳು ಒಲೆಯ ಮೇಲೆ ಹಾಲಿಟ್ಟು ಸೊಪ್ಪಿನ ಗಾಡಿಗೆ ಹೋದಳು. ಕಿಟಕಿಯ ಪಕ್ಕ ಕೂತಿದ್ದ ನನಗೆ ಹಾಲು ಏರುವ ಸದ್ದು ಕೇಳಿಸಿತು. ಎದ್ದು ಹೋಗಿ ಆರಿಸಲು ಕಾಲಿಲ್ಲ. ಗಾಡಿಯ ಸುತ್ತ ನಾಲ್ಕಾರು ಹೆಂಗಸರು. "ಇವಳೇ" ಎಂದರೆ ಎಲ್ಲರೂ ತಿರುಗಿ ನೋಡಿ ನನ್ನ ಮಾನ ಹೋಗುತ್ತದೆ. ಕಣ್ಣು ಮುಚ್ಚಿ ಕೂಗಿಯೇಬಿಟ್ಟೆ: "ವನಜಾಚ್ಚೀ!"

ಎದುರುಮನೆಯ ಸೆಲ್ವಿ ಮೊದಲು ತಿರುಗಿದಳು. "ಆಚ್ಚಿ, ಸಾರ್ ನಿಮ್ಮನ್ನೇ ಕರೀತಾವ್ರೆ, ಪೋಂಗೊ" ಎಂದು ನಕ್ಕಳು. ತಮಿಳಿನಲ್ಲಿ ಆಚ್ಚಿ ಎಂದರೆ ಅಜ್ಜಿ, ಮನೆಯ ಹಿರಿಯ ಯಜಮಾನಿ. ವನಜ ಮತ್ತು ಅಕ್ಷಿ ಸೇರಿ ವನಜಾಕ್ಷಿ ಆದ ಹಾಗೆ ವನಜ ಮತ್ತು ಆಚ್ಚಿ ಸೇರಿ ವನಜಾಚ್ಚಿ. ಸವರ್ಣದೀರ್ಘ ಸಂಧಿಗೆ ಏನೂ ಕೊರತೆಯಾಗಿರಲಿಲ್ಲ. ಇವಳು ಓಡಿಬಂದಳು. ಹಾಲು ಉಕ್ಕಿ ಕಟ್ಟೆಯಿಂದ ಕೆಳಗಿಳಿಯುತ್ತಿತ್ತು. ಅತ್ತ ನೋಡದೆ, ಮೆಂತ್ಯದ ಸೊಪ್ಪು ಹಿಡಿದುಕೊಂಡೇ ನನ್ನ ಮುಂದೆ ನಿಂತು ಅತ್ತಳು. ಒಲೆ ಆರಿಸು ಎಂದು ಹೇಳೋಣವೆಂದರೆ ಆ ವಾಕ್ಯದವರೆಗೆ ಪಾಠ ಇನ್ನೂ ಬಂದಿರಲಿಲ್ಲ.

ಇದೆಲ್ಲ ಆಗಿ ವರ್ಷಗಳಾದವು. ಕೋಲೂರಿಕೊಂಡು ಕೆರೆಯವರೆಗೆ ಹೋಗಿ ಬರುತ್ತೇನೆ. ಅಂಗಿಯ ಗುಂಡಿ ಹಾಕುವಾಗ ಬಲಗೈ ಇನ್ನೂ ತಕರಾರು ತೆಗೆಯುತ್ತದೆ. ನಾನು ಅವಳನ್ನು ವನಜಾಚ್ಚಿ ಎನ್ನುತ್ತೇನೆ, ಬೀದಿಯವರೆಲ್ಲ ಆಚ್ಚಿ ಎಂದೇ ಕರೆಯುತ್ತಾರೆ. ಮೊನ್ನೆ ಬಚ್ಚಲಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಒತ್ತಕ್ಷರ ಇದ್ದಕ್ಕಿದ್ದಂತೆ ನೆಟ್ಟಗೆ ಬಂತು. ಟವೆಲ್ಲು ಸುತ್ತಿಕೊಂಡೇ ಹೊರಗೆ ಬಂದು, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ "ವನಜಾಕ್ಷಿ" ಎಂದೆ.

ಅವರೆಕಾಯಿ ಸುಲಿಯುತ್ತಿದ್ದವಳು ಗಾಬರಿಯಿಂದ ತಲೆಯೆತ್ತಿದಳು. "ಯಾಕ್ರೀ, ಬ್ಯಾಂಕಲ್ಲಿ ಕರೆದಂಗೆ ಕರೀತಿದ್ದೀರ? ನಾನೇನು ತಪ್ಪು ಮಾಡ್ದೆ?"

'ಕ್ಷ' ಬಂತು ಎಂದು ವಿವರಿಸಿದೆ.

"ಬಂತಲ್ಲ, ಒಳ್ಳೇದಾಯ್ತು. ಅದನ್ನ ರೇಣುಕಾ ಮುಂದೆ ಹೇಳಿ. ನನಗೆ ಆಚ್ಚಿನೇ ಇರ್ಲಿ. ಅವತ್ತು ನೀವು ಹಂಗೆ ಕೂಗಿದ್ಮೇಲೇ ನಂಗೆ ಹೋದ ಜೀವ ಬಂದಿದ್ದು" ಎಂದು ಮತ್ತೆ ಕಾಯಿ ಸುಲಿಯತೊಡಗಿದಳು.

ಆಗಲಿ ಎಂದೆ. ಆದರೆ ನಾಲಗೆ ಕೇಳಬೇಕಲ್ಲ, ಇಷ್ಟು ಕಷ್ಟಪಟ್ಟು ಕಲಿತದ್ದನ್ನು ಅದು ಬಿಡುತ್ತಿಲ್ಲ. ಈಗ ದಿನಾ ಬೆಳಿಗ್ಗೆ ಬಚ್ಚಲಮನೆಯಲ್ಲಿ ನಲ್ಲಿಯನ್ನು ಜೋರಾಗಿ ತಿರುಗಿಸಿ, ಹೆಂಡತಿಯ ಹೆಸರನ್ನು ತಪ್ಪಾಗಿ ಹೇಳುವುದನ್ನು ಅಭ್ಯಾಸ ಮಾಡುತ್ತಿದ್ದೇನೆ.