ಅಳತೆಗೆ ತಕ್ಕ ನಾಯಿ

ಮೂವತ್ತು ವರ್ಷಗಳಿಂದ ಕಂಡವರ ಸೊಂಟ, ಭುಜ, ತೋಳುಗಳನ್ನು ಅಳೆದು ಹೊಟ್ಟೆ ಹೊರೆಯುತ್ತಿರುವ ದರ್ಜಿ ನಾನು. ಇಂಥ ನನ್ನನ್ನು ಟೇಪೇ ಇಲ್ಲದೆ, ಒಂದೇ ನೋಟದಲ್ಲಿ ಅಳೆದು ಬದಿಗಿಡಬಲ್ಲವಳು ನನ್ನ ಹೆಂಡತಿ.

"ನಾಯಿ ತರೋಣ," ಎಂದು ಮನೆಯ ಮುಂದಿನ ಕೋಣೆಯಲ್ಲೇ ಇರುವ ನನ್ನ ಅಂಗಡಿಗೆ ಬಂದು ಅವಳು ಹೇಳಿದಾಗ ನನ್ನ ಕೈಯಲ್ಲಿ ಕರಿ ಕೋಟು, ಬಾಯಲ್ಲಿ ನಾಲ್ಕು ಗುಂಡುಸೂಜಿಗಳಿದ್ದವು. (ನಾನು ಬಾಯಿ ತೆರೆಯಲಾಗದ ಹೊತ್ತನ್ನು ನೋಡಿಕೊಂಡೇ ಅವಳು ಮುಖ್ಯ ವಿಷಯಗಳನ್ನು ಎತ್ತುವುದು. ನಮ್ಮ ಅಡುಗೆಮನೆಯ ಗಿಣಿಹಸಿರು ಗೋಡೆ ಮಂಜೂರಾದದ್ದೂ ಹೀಗೆಯೇ.)

ಒಂದೊಂದೇ ಸೂಜಿ ತೆಗೆದು, "ಅಲ್ವೇ, ಕಾಗದ ಹಂಚೋರಿಗೂ ನಾಯಿಗೂ ಹುಟ್ಟಾ ವೈರ ಅಂತಾರಲ್ಲ," ಎಂದೆ. ಅವಳು ಅಂಚೆಯವಳು, ದಿನಕ್ಕೆ ಹತ್ತು ಮೈಲಿ ನಡೆಯುವವಳು.

"ಯಾವ ವೈರ? ದಾರೀಲಿರೋ ನಾಯಿಗಳೆಲ್ಲ ನನ್ನನ್ನ ಮಾತಾಡಿಸ್ತವೆ. ಮನೆಗೆ ಬಂದ್ರೆ ನಿಮ್ಮ ಮಿಷನ್ ಒಂದೇ ಮಾತಾಡೋದು."

ನಗುತ್ತಲೇ ಹೇಳಿದಳು. ಆದರೆ ಹೇಳಿದವಳು ಚೀಲವನ್ನು ಮೊಳೆಗೆ ತೂಗುಹಾಕಿ ಸುಮ್ಮನೆ ಅದನ್ನೇ ನೋಡುತ್ತ ನಿಂತಳು. ನನಗೆ ದಾರ ಪೋಣಿಸಲು ಮೂರು ಸಲ ಬೇಕಾಯಿತು.

ಒಪ್ಪಿದೆ, ಷರತ್ತುಗಳೊಂದಿಗೆ. ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲಿ ನಾಯಿಗೊಂದು ಪುಟ ತೆರೆದೆ. ಎತ್ತರ: ಮೊಣಕಾಲಿಗಿಂತ ಎರಡಂಗುಲ ಕಡಿಮೆ. ಬಣ್ಣ: ಕಪ್ಪು. ಕೂದಲು: ಉದುರತಕ್ಕದ್ದಲ್ಲ. ಸ್ವಭಾವ: ನೂಲಿನ ಉಂಡೆಗಳ ಬಗ್ಗೆ ಪರಮ ವೈರಾಗ್ಯ.

ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಆಶ್ರಯದ ಮೇಲ್ವಿಚಾರಕಿ, ಮೊಣಕಾಲುದ್ದದ ರಬ್ಬರ್ ಬೂಟಿನ ಹೆಂಗಸು, ಆ ಪುಟವನ್ನು ಓದಿ, "ನಾಯಿ ಬೇಕೋ, ಸ್ಟೂಲ್ ಬೇಕೋ?" ಎಂದಳು.

"ನನ್ನನ್ನ ಮದುವೆ ಆಗುವಾಗ ಇಂಥ ಪಟ್ಟಿ ಇರಲಿಲ್ವಾ?" ಹೆಂಡತಿ ಕೇಳಿದಳು.

"ಇತ್ತು. ಕಳೆದುಹೋಯ್ತು."

ಮೇಲ್ವಿಚಾರಕಿ ಬೇರೆಯೇ ಪ್ರಶ್ನೆಗಳನ್ನು ಕೇಳಿದಳು. ಹಗಲು ಮನೆಯಲ್ಲಿ ಯಾರಿರುತ್ತಾರೆ? ಎಷ್ಟು ಹೊತ್ತು ಕೂತಿರುತ್ತಾರೆ? ಮೆಟ್ಟಿಲುಗಳಿವೆಯೇ? ಆಮೇಲೆ ಒಳಗೆ ಹೋಗಿ ಒಂದು ಮುದಿ ನಾಯಿಯನ್ನು ಕರೆತಂದಳು. ಮೊಣಕಾಲಿಗಿಂತ ನಾಲ್ಕಂಗುಲ ಎತ್ತರ, ಹತ್ತಿಯಂತೆ ಬಿಳುಪು, ಬಾಲ ಅಲ್ಲಾಡಿಸಿದರೆ ಕೂದಲಿನ ಮೋಡ. ಎಡಗಿವಿ ಅರ್ಧವೇ ಇತ್ತು.

"ದಿನವಿಡೀ ಒಬ್ರು ಕಣ್ಣೆದುರಿಗೆ ಕೂತಿರೋ ಮನೆ ಇದಕ್ಕೆ ಬೇಕು. ಎರಡು ಮನೆಯಿಂದ ವಾಪಸ್ ಬಂದಿದೆ, ಪಾಪ. ಒಂದು ವಾರ ಇಟ್ಕೊಳ್ಳಿ. ಎಂಟನೇ ದಿನ ನಾನೇ ಬಂದು ನೋಡ್ತೀನಿ. ಹೊಂದಲಿಲ್ಲ ಅಂದ್ರೆ ಕರ್ಕೊಂಡು ಹೋಗ್ತೀನಿ."

"ತುಂಡೂ," ಎಂದಳು ಹೆಂಡತಿ. ಅರ್ಧ ಕಿವಿ ನಿಮಿರಿತು. ಹೆಸರಿಟ್ಟಾದ ಮೇಲೆ ಗಂಡನ ಅಭಿಪ್ರಾಯಕ್ಕೆ ಎಲ್ಲಿಯ ಜಾಗ?

ಕೋಟನ್ನು ಮೊದಲ ಸಲ ತೊಡಿಸಿದಾಗ ದರ್ಜಿ ಏನು ಮಾಡುತ್ತಾನೆ? ತಪ್ಪಿದ್ದಲ್ಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾನೆ. ಆ ವಾರ ಪುಸ್ತಕದಲ್ಲಿ ನಾಯಿಯ ಪುಟದ ಮೇಲೆ ನಾನು ಮಾಡಿದ್ದೂ ಅದನ್ನೇ. ಮೊದಲ ದಿನ: ಕರಿ ಕೋಟು ಬಿಳಿ ಕೋಟಾಯಿತು. ಎರಡನೇ ದಿನ: ಪೆಡಲಿನ ಮೇಲೆ ತಲೆಯಿಟ್ಟು ನಿದ್ರೆ, ಎರಡು ಗಂಟೆ ಉತ್ಪಾದನೆ ಸ್ಥಗಿತ. ಮೂರನೇ ದಿನ: ಬಟ್ಟೆ ಹಾಕಿ ನೋಡಲು ಗಿರಾಕಿ ಪರದೆಯ ಹಿಂದೆ ಹೋದರೆ ಅವರು ಹೊರಬರುವವರೆಗೂ ಎದುರಿಗೇ ಕೂತು ಕಾಯುತ್ತದೆ, ಬ್ಯಾಂಕಿನ ಮ್ಯಾನೇಜರಿಗೆ ಮುಜುಗರ.

ಈ ಮೂರನೆಯದು ಮಾತ್ರ ನನ್ನ ತಲೆಯನ್ನು ಕೊರೆಯತೊಡಗಿತು. ಹೊಸಬರಾದರೂ ಸರಿ, ಪರದೆ ಮುಚ್ಚಿತೆಂದರೆ ತುಂಡು ಎದ್ದು ಹೋಗಿ ಕೂರುತ್ತಿತ್ತು. ಅವರು ಹೊರಬಂದರೆ ಬಾಲದಿಂದ ನೆಲಕ್ಕೆ ಎರಡೇಟು ಬಡಿದು ತನ್ನ ಜಾಗಕ್ಕೆ ಮರಳುತ್ತಿತ್ತು. ಏಕೆ? ಯಾರು, ಯಾವ ಬಾಗಿಲ ಹಿಂದೆ ಹೋಗಿ ಮರಳಲಿಲ್ಲವೋ?

ಐದನೇ ದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಸಂಶೋಧನೆಗೆ ಇಳಿದೆ. ಪರದೆಯ ಹಿಂದೆ ಹೋದೆ. ಉಗುರುಗಳ ಟಕಟಕ ಹತ್ತಿರ ಬಂತು. ಹೊರಬಂದೆ, ಎರಡೇಟು. ಮತ್ತೆ ಹೋದೆ, ಮತ್ತೆ ಬಂದೆ. ಇಪ್ಪತ್ತೈದು ವರ್ಷಗಳ ಸಂಸಾರದಲ್ಲಿ, ನಾನು ಹೊರಗೆ ಬಂದೆನೆಂಬ ಒಂದೇ ಕಾರಣಕ್ಕೆ ಯಾರೂ ಇಷ್ಟು ಸಂತೋಷಪಟ್ಟಿರಲಿಲ್ಲ. ಹದಿನಾಲ್ಕನೇ ಸಲ ಹೊರಬಂದಾಗ ತುಂಡಿನ ಪಕ್ಕದಲ್ಲಿ ಹೆಂಡತಿಯೂ ಕೂತಿದ್ದಳು.

"ಏನ್ರೀ ಇದು?"

"ಪರದೆ ಸರಿಯಾಗಿ ಸರಿಯುತ್ತಾ ಅಂತ ನೋಡ್ತಿದ್ದೆ."

"ಹದಿನಾಲ್ಕು ಸಲಾನಾ?"

(ಎಣಿಸಿದ್ದಳು!)

ಎಂಟನೇ ದಿನ ಮೇಲ್ವಿಚಾರಕಿ ಬಂದಳು. ನಾನು ಪುಸ್ತಕವನ್ನು ಇಸ್ತ್ರಿಪೆಟ್ಟಿಗೆಯ ಕೆಳಗೆ ಬಚ್ಚಿಡುವುದರೊಳಗೆ ಹೆಂಡತಿ, "ಇವ್ರು ಎಲ್ಲಾ ಬರೆದಿಟ್ಟಿದಾರೆ," ಎಂದು ಹೆಮ್ಮೆಯಿಂದ ಅದನ್ನು ಅವಳ ಕೈಗಿತ್ತಳು. ಒಳಗೇನಿದೆಯೆಂದು ಪಾಪ ನನ್ನವಳಿಗೆ ಗೊತ್ತಿರಲಿಲ್ಲ. ಮೇಲ್ವಿಚಾರಕಿ ಗಟ್ಟಿಯಾಗಿ ಓದಿದಳು. ಹೆಂಡತಿಯ ಮುಖ ಸಾಲು ಸಾಲಿಗೂ ಬಾಡಿತು.

"ಹತ್ತೊಂಬತ್ತು ತಪ್ಪು," ಎಂದಳು ಮೇಲ್ವಿಚಾರಕಿ.

"ನೀವು ನಾಯೀನ ನೋಡೋಕೆ ಬರ್ತೀರಿ ಅಂತ..."

"ನಾಯೀನ ನಾಲ್ಕು ವರ್ಷದಿಂದ ನೋಡ್ತಿದೀನಿ ಸ್ವಾಮಿ. ಬಂದಿದ್ದು ನಿಮ್ಮನ್ನ ನೋಡೋಕೆ. ಬೇಜಾರಿಲ್ಲ ಬಿಡಿ, ಕರ್ಕೊಂಡು ಹೋಗ್ತೀನಿ."

ತುಂಡಿನ ಕೊರಳಿಗೆ ಪಟ್ಟಿ ಹಾಕುವ ಕಟಕ್ ಸದ್ದು ಕೇಳಿತು. ನನ್ನ ಕಣ್ಣಿಗೆ ಏನೋ ಬಿತ್ತು, ನಾಯಿಯ ಕೂದಲಿರಬೇಕು. ಸೂಜಿ ಹುಡುಕುವ ನೆಪದಲ್ಲಿ ಪರದೆಯ ಹಿಂದೆ ಹೋಗಿ ನಿಂತೆ.

ಟಕಟಕ. ದೊಪ್ಪೆಂದು ಕೂತ ಸದ್ದು.

"ಬಾರೋ... ಏಳೋ... ಇದೇನಮ್ಮ, ಕಲ್ಲಿನ ಥರ ಕೂತಿದೆ?"

"ರೀ, ಹೊರಗೆ ಬನ್ನಿ," ಹೆಂಡತಿಯ ಸ್ವರ ಒದ್ದೆಯಾಗಿತ್ತು. "ನೀವು ಬರೋ ತನಕ ಅದು ಏಳಲ್ಲ."

ಅರೆ! ಹೌದಲ್ಲ!

"ಹಾಗಾದ್ರೆ ನಾನು ಬರಲ್ಲ," ಎಂದೆ.

"ಎಷ್ಟು ಹೊತ್ತು?" ಮೇಲ್ವಿಚಾರಕಿ ಕೇಳಿದಳು.

"ತುಂಡು ಇಲ್ಲೇ ಇರುತ್ತೆ ಅಂತ ಬರೆದುಕೊಡೋ ತನಕ."

ಹೊರಗೆ ಯಾರೋ ಕಿಸಕ್ಕೆಂದರು. ಆಮೇಲೆ ಇಬ್ಬರೂ. ಸ್ವಲ್ಪ ಹೊತ್ತಿಗೆ ಚಹಾದ ಲೋಟಗಳ ಸದ್ದು, ಎರಡೇ ಲೋಟ. ಕೊನೆಗೆ ಪರದೆಯ ಕೆಳಗಿನಿಂದ ಅಳತೆ ಪುಸ್ತಕ ಒಳಗೆ ಸರಿಯಿತು. ನನ್ನ ಹತ್ತೊಂಬತ್ತು ತಪ್ಪುಗಳ ಕೆಳಗೆ ಮೇಲ್ವಿಚಾರಕಿ ಬರೆದಿದ್ದಳು:

"ನಾಯಿ: ಈ ಮನೆಗೆ ಸರಿಯಾಗಿದೆ. ಗಂಡ: ಅಲ್ಲಲ್ಲಿ ಬಿಗಿ, ಹೊಲಿಗೆ ಬಿಚ್ಚಿ ಸಡಿಲ ಮಾಡಬೇಕು. ಇನ್ನೊಂದು ತಿಂಗಳು ಇಟ್ಟುಕೊಂಡು ನೋಡಬಹುದು."

ರಿಜಿಸ್ಟರ್ ಕಾಗದ ಕೊಡುವವಳಲ್ಲವೇ, ಹೆಂಡತಿ ನಾಯಿಯ ಸಾಲಿನ ಮುಂದೆ "ಸ್ವೀಕರಿಸಿದ್ದೇನೆ" ಎಂದು ಬರೆದು, ತಾರೀಖು ಹಾಕಿ, ಅಚ್ಚುಕಟ್ಟಾಗಿ ಸಹಿ ಮಾಡಿದ್ದಳು.

ನನ್ನ ಸಾಲಿನ ಮುಂದೆ ಜಾಗ ಖಾಲಿಯಿತ್ತು.